ಅರವತ್ತಮೂರು ಡಿಗ್ರಿಗೆ ಹಾಲು ಉಕ್ಕುವುದಿಲ್ಲ

ನನ್ನ ಕೋಪ ಕಡಲೆಕಾಯಿ ಸಿಪ್ಪೆಯ ಬೆಂಕಿಯಂಥದ್ದು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಭಗ್ಗನೆ ಹತ್ತಿಕೊಳ್ಳುತ್ತದೆ, ಅಷ್ಟೇ ಬೇಗ ಆರುತ್ತದೆ, ಆಮೇಲೆ ಹುಡುಕಿದರೆ ಒಂದು ಹಿಡಿ ಬೂದಿಯೂ ಸಿಗುವುದಿಲ್ಲ. ಇದನ್ನು ನಾನು ಬಹಳ ದಿನ ಹೊಗಳಿಕೆ ಎಂದೇ ತಿಳಿದಿದ್ದೆ. ಹಾಗಲ್ಲ ಎಂದು ಗೊತ್ತಾದದ್ದು ಕಲ್ಯಾಣದುರ್ಗದ ಕಡೆಯ ಒಂದು ಹಳ್ಳಿಯಲ್ಲಿ, ಒಂದು ಶ್ರಾವಣದಲ್ಲಿ, ನಲವತ್ತು ಜನ ಹೆಂಗಸರ ಮುಂದೆ.

ನಾನು ಆಂಧ್ರದ ಗಡಿಯ ಹಿಂದೂಪುರದವನು. ನಮ್ಮದು ನೇಯ್ಗೆಯ ಮನೆತನ. ಅಪ್ಪ ರೇಷ್ಮೆಗೆ ಬಣ್ಣ ಹಾಕುತ್ತಿದ್ದರು. ಹಂಡೆಯ ನೀರಿನ ಹಬೆಗೆ ಅಂಗೈ ಹಿಡಿದು, "ಇನ್ನೊಂದೀಟು ಉರಿ ಹಾಕು" ಎನ್ನುವವರು. ಥರ್ಮಾಮೀಟರು ಎಂಬ ಪದಾರ್ಥ ಅವರ ಜೀವನದಲ್ಲಿ ಜ್ವರ ಬಂದಾಗ ಮಾತ್ರ ಕಾಣಿಸಿಕೊಂಡಿತು. ನನಗೆ ಮಗ್ಗದ ಮುಂದೆ ಕೂರುವ ತಾಳ್ಮೆ ಬರಲಿಲ್ಲ. ಒಂದು ಎಳೆ ಕಿತ್ತರೆ ಇಡೀ ಬೀದಿಗೆ ಕೇಳುವ ಹಾಗೆ ಕೂಗಾಡುತ್ತಿದ್ದೆ. ಆದರೆ ನೀರು ಕಾಯಿಸುವ ಹುಚ್ಚು ಮಾತ್ರ ಅಪ್ಪನಿಂದ ಬಂತು. ಕೊಳಾಯಿ ಕೆಲಸ ಕಲಿತೆ, ಅಲ್ಲಿಂದ ಸೋಲಾರ್ ಹೀಟರಿಗೆ ಹಾರಿದೆ. ಹಿಂದೂಪುರದ ಮಾಳಿಗೆಗಳ ಮೇಲೆ ಬಿಸಿಲಿಗೆ ಮಲಗಿರುವ ಗಾಜಿನ ಕೊಳವೆಗಳಲ್ಲಿ ಎಷ್ಟೋ ನಾನೇ ಹೊತ್ತು ಏರಿಸಿದವು. ಮಗ್ಗವನ್ನು ನನ್ನ ಹೆಂಡತಿ ಬಿಡಲಿಲ್ಲ. ಮನೆಯಲ್ಲಿ ಇರುವ ತಾಳ್ಮೆಯೆಲ್ಲ ಅವಳದು.

ಪರಿಗಿಯ ಹತ್ತಿರ ಒಂದು ಸಣ್ಣ ಡೇರಿಗೆ ಹಾಲಿನ ಕ್ಯಾನು ತೊಳೆಯಲು ಬಿಸಿನೀರಿನ ಏರ್ಪಾಡು ಮಾಡಿಕೊಟ್ಟೆ. ಅದರ ಸುದ್ದಿ ಹಬ್ಬಿ, ಕಲ್ಯಾಣದುರ್ಗದಿಂದ ಸೆಟ್ಟೂರಿಗೆ ಹೋಗುವ ದಾರಿಯ ಒಂದು ಹಳ್ಳಿಯಿಂದ ಕರೆ ಬಂತು. ಅಲ್ಲಿ ನಲವತ್ತು ಹೆಂಗಸರು ಸೇರಿ ಒಂದು ಹಾಲಿನ ಸಂಘ ಮಾಡಿಕೊಂಡಿದ್ದರು. ಅವರ ಕಷ್ಟ ಸರಳವಾಗಿತ್ತು. ಹಾಲು ಜೀಪಿನಲ್ಲಿ ಕುಲುಕಾಡುತ್ತ ಕಲ್ಯಾಣದುರ್ಗ ಸೇರುವಷ್ಟರಲ್ಲಿ ಬಿಸಿಲಿಗೆ ಒಡೆದುಹೋಗುತ್ತಿತ್ತು. ಒಡೆಯದ ಹಾಗೆ ಊರಲ್ಲೇ ಕಾಯಿಸೋಣ ಎಂದರೆ, ಕಡಲೆಕಾಯಿ ಸಿಪ್ಪೆ ಉರಿಸಿದ ಹೊಗೆಯ ವಾಸನೆ ಹಾಲಿಗೆ ಹತ್ತಿ ಹೋಟೆಲಿನವರು ಮೂಗು ಮುರಿಯುತ್ತಿದ್ದರು. ಹಾಲು ಕೆಡಿಸುವ ಬಿಸಿಲಿನಿಂದಲೇ ಹಾಲು ಕಾಯಬೇಕು, ಅದು ನನ್ನ ಕೆಲಸ.

ಸಂಘದ ಮುಖ್ಯಸ್ಥೆಯನ್ನು ಊರವರೆಲ್ಲ ಲೀಡರಮ್ಮ ಎನ್ನುತ್ತಿದ್ದರು. ಐವತ್ತರ ಆಸುಪಾಸು, ಸಣಕಲು ದೇಹ, ನಡಿಗೆ ಮಾತ್ರ ಬಸ್ಸು ತಪ್ಪೀತೆಂದು ಓಡುವವರ ನಡಿಗೆ. ಎಲೆಅಡಿಕೆಯ ಸಂಚಿಯಲ್ಲೇ ಫೋನು ಇಟ್ಟುಕೊಂಡು, ಅದು ಬಡಿದುಕೊಂಡಾಗಲೆಲ್ಲ ಸುಣ್ಣ ಒರೆಸಿ ಕಿವಿಗಿಡುತ್ತಿದ್ದರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಎರಡು ಹಸು ಕಟ್ಟಿಕೊಂಡು ಮಗಳನ್ನು ಓದಿಸಿ ಮದುವೆ ಮಾಡಿದ್ದರು. ಸಂಘಕ್ಕೆ ಹೆಂಗಸರನ್ನು ಸೇರಿಸಲು ಒಂದೊಂದು ಮನೆಗೂ ಹತ್ತು ಸಲ ತಿರುಗಿದವರು ಅವರೇ.

ಜಿಲ್ಲೆಯ ಕಚೇರಿಯವರು ಸಂಘದ ಹಾಲಿನ ಮನೆಗೆ ಒಂದು ದೊಡ್ಡ ಸ್ಟೀಲಿನ ತೊಟ್ಟಿ ಕೊಟ್ಟರು. ಅದಕ್ಕೆ ಎರಡು ಗೋಡೆ. ಮಾಳಿಗೆಯ ಮೇಲಿನ ಕೊಳವೆಗಳಲ್ಲಿ ಬಿಸಿಲಿಗೆ ಕಾದ ನೀರು ಆ ಎರಡು ಗೋಡೆಗಳ ನಡುವೆ ಸುತ್ತುತ್ತದೆ, ಒಳಗಿನ ಹಾಲು ಕಾಯುತ್ತದೆ. ಅರವತ್ತಮೂರು ಡಿಗ್ರಿಗೆ ಬಂದ ಮೇಲೆ ಅರ್ಧ ಗಂಟೆ ಅಲ್ಲೇ ನಿಲ್ಲಿಸಿ, ತಟ್ಟನೆ ತಣ್ಣಗೆ ಮಾಡಿದರೆ ಹಾಲಿನ ಕ್ರಿಮಿ ಸಾಯುತ್ತವೆ, ರುಚಿ ಉಳಿಯುತ್ತದೆ. ಹೊಗೆಯಿಲ್ಲ, ಸೌದೆಯಿಲ್ಲ. ನಾನು ಇಪ್ಪತ್ತು ದಿನ ಅಲ್ಲೇ ಇದ್ದು ಪೈಪು ಜೋಡಿಸಿದೆ. ಲೀಡರಮ್ಮನ ಮನೆಯಿಂದ ದಿನಾ ಮುದ್ದೆ, ಒಂದು ದಿನ ಹುರುಳಿಸಾರು, ಒಂದು ದಿನ ಕಡಲೆಬೀಜದ ಚಟ್ನಿ ಬರುತ್ತಿತ್ತು. ನನ್ನ ಹೆಂಡತಿ ಫೋನಿನಲ್ಲಿ, "ವಾಪಸ್ ಬರೋ ಆಲೋಚ್ನೆ ಐತೋ ಇಲ್ಲ ಅಲ್ಲೇ ಪರ್ಮನೆಂಟೋ?" ಎಂದು ಕೇಳುವಷ್ಟು ಸುಖವಾಗಿದ್ದೆ.

ಕೆಲಸ ಮುಗಿದಾಗ ಲೀಡರಮ್ಮ ಬಂದು ಹೇಳಿದರು, "ಶ್ರಾವಣ ಶುಕ್ರವಾರ ಕಣಪ್ಪ. ಹಾಲುಕ್ಸಿ ಶುರು ಮಾಡ್ಬುಡಾನ."

ಹೊಸ ಮನೆ, ಹೊಸ ಅಂಗಡಿ, ಹೊಸ ಒಲೆ, ಯಾವುದಕ್ಕಾದರೂ ಮೊದಲು ಹಾಲು ಉಕ್ಕಬೇಕು. ನಮ್ಮ ಕಡೆ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ನಾನೂ ಹಿಂದುಮುಂದು ಯೋಚಿಸದೆ, "ಮಾಡ್ಬುಡಾನ ಕಣಮ್ಮ, ಅದಕ್ಕೇನು" ಎಂದೆ. ಇಪ್ಪತ್ತು ದಿನ ಅರವತ್ತಮೂರು, ಅರವತ್ತಮೂರು ಎಂದು ಜಪ ಮಾಡಿದ ಮನುಷ್ಯನಿಗೆ ಹಾಲು ಉಕ್ಕಬೇಕಾದರೆ ನೂರು ಬೇಕು ಎನ್ನುವುದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಸುಮ್ಮನೆ ಹೇಳುತ್ತಾರೆಯೇ?

ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಮೊದಲ ಹಾಲು ಸುರಿಯುವವರು ಯಾರು ಎಂಬ ಮಾತು ಬಂತು. ಲೀಡರಮ್ಮ ಮೆಲ್ಲಗೆ, "ಎಂಟು ಹಸಿನಾಕೆ ಸುರೀಲಿ. ಮುತ್ತೈದೆ, ಮಕ್ಕಳೊಂದಿಗಳು. ನನ್ ಕೈ ಬ್ಯಾಡ" ಎಂದರು. ಎಂಟು ಹಸುವಿನಾಕೆ ಎಂದರೆ ಆ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಹಾಲು ಹಾಕುವ ಹೆಂಗಸು. ದುಂಡು ಮುಖ, ರೂಪಾಯಿಯಗಲ ಕುಂಕುಮ, ಮಾತಿಗೆ ಮೊದಲು ಬಳೆ ಸದ್ದು.

ನನಗೆ ಸಿಪ್ಪೆಯ ಬೆಂಕಿ ಹತ್ತಿಕೊಂಡಿತು. "ಯಾವ ಕಾಲ್ದಾಗಿದೀರ ಕಣಮ್ಮ? ಮನೆಮನೆ ತಿರುಗಿದ್ದು ನೀವು, ಕಚೇರಿಗೆ ಅಲೆದಿದ್ದು ನೀವು. ನೀವೇ ಸುರೀಬೇಕು. ಇಲ್ದಿದ್ರೆ ನಾನ್ ಪಂಪೇ ಆನ್ ಮಾಡಲ್ಲ!" ಎಂದು ಎಲ್ಲರ ಮುಂದೆ ಕೂಗಿದೆ. ಕೂಗಿ ಎದೆಯುಬ್ಬಿಸಿಕೊಂಡೆ. ಲೀಡರಮ್ಮ ನೆಲ ನೋಡಿದರು. "ಆಯ್ತು ಬಿಡಪ್ಪ, ನೀನ್ ಹೇಳ್ತೀಯಲ್ಲ" ಎಂದರು.

ಶುಕ್ರವಾರ ಬೆಳಗ್ಗೆ ಹಾಲಿನ ಮನೆಯ ಬಾಗಿಲಿಗೆ ಮಾವಿನೆಲೆ, ತೊಟ್ಟಿಯ ಹೊಟ್ಟೆಗೆ ಅರಿಶಿನ ಕುಂಕುಮ, ಪಂಪಿಗೂ ಒಂದು ಬೊಟ್ಟು. ಲೀಡರಮ್ಮ ನೇರಳೆ ಬಣ್ಣದ ಸೀರೆ ಉಟ್ಟು ಬಂದಿದ್ದರು. ಮಗಳ ಮದುವೆಗೆ ತೆಗೆದದ್ದು, ಆಮೇಲೆ ಉಟ್ಟಿರಲಿಲ್ಲವಂತೆ. ಸೆರಗಿಗೆ ಎರಡು ಸಲ ಕೈ ಒರೆಸಿಕೊಂಡು, ಕ್ಯಾನು ಎತ್ತಿ ಮೊದಲ ಹಾಲು ಸುರಿದರು. ಉಳಿದವರೂ ಸುರಿದರು. ನಾನು ಪಂಪು ಆನ್ ಮಾಡಿ, ಮುಚ್ಚಳ ತೆರೆದೇ ಇಟ್ಟೆ. ನಲವತ್ತು ತಲೆಗಳು ತೊಟ್ಟಿಯ ಸುತ್ತ ಬಾಗಿದವು.

ನಲವತ್ತು ಡಿಗ್ರಿ ಆಯಿತು. ಐವತ್ತಾಯಿತು. "ಪೊಂಗುತ್ತಾ, ಉಕ್ಕುತ್ತಾ?" ಎಂದು ಒಬ್ಬಳು, "ತಡಿಯೇ, ಈಗಷ್ಟೇ ಬಿಸಿ ಏರ್ತಾ ಐತೆ" ಎಂದು ಇನ್ನೊಬ್ಬಳು. ಹಾಲು ಪೂರ್ವಕ್ಕೆ ಉಕ್ಕುತ್ತದೋ ಉತ್ತರಕ್ಕೋ ಎಂದು ಒಂದು ಗುಂಪು ಲೆಕ್ಕ ಹಾಕುತ್ತಿತ್ತು. ಅರವತ್ತಮೂರಕ್ಕೆ ಥರ್ಮಾಮೀಟರಿನ ಮುಳ್ಳು ಬಂದ ತಕ್ಷಣ ನಾನು, "ಆಯ್ತು! ಬಂತು!" ಎಂದು ಚಪ್ಪಾಳೆ ತಟ್ಟಿದೆ.

ಯಾರೂ ತಟ್ಟಲಿಲ್ಲ. ಎಂಟು ಹಸುವಿನಾಕೆ ತೊಟ್ಟಿಯೊಳಗೆ ಇಣುಕಿ, "ಎಲ್ಲಿ ಬಂತು?" ಎಂದಳು.

ಅರ್ಧ ಗಂಟೆ ಕಾದರು. ಹಾಲು ಸಾಧುವಾಗಿ, ಒಂದು ಗುಳ್ಳೆಯೂ ಏಳದೆ, ಮಲಗಿದ ಕರುವಿನ ಹಾಗೆ ಇತ್ತು. ಆಮೇಲೆ ನಾನು ತಣ್ಣೀರು ಬಿಟ್ಟೆ. ಉಕ್ಕದ ಹಾಲನ್ನು ನಾನು ತಣ್ಣಗೆ ಮಾಡುತ್ತಿದ್ದೇನೆ ಎಂದು ಗೊತ್ತಾದಾಗ ಒಬ್ಬ ಅಜ್ಜಿ ಬಾಯಿಯ ಮೇಲೆ ಕೈ ಇಟ್ಟುಕೊಂಡು, "ಅಯ್ಯೋ ದೇವುಡಾ" ಎಂದಿತು. ಹಿಂದಿನಿಂದ, ಬಳೆಯ ಸದ್ದಿನ ಜೊತೆಗೇ, ಒಂದು ಮಾತು ಬಂತು. "ಮೊದ್ಲ್ ಹಾಲಿಗೆ ಯಾರ್ ಕೈ ಬಿತ್ತು ಅಂತ ನೋಡ್ಬೇಕಾಗಿತ್ತು ಕಣ್ರೇ."

ಆ ಮಾತು ಲೀಡರಮ್ಮನಿಗೆ ಕೇಳಿಸಿತು. ನನಗೂ ಕೇಳಿಸಿತು. ಆದರೆ ನಾನು ಏನು ಮಾಡಿದೆ? ಥರ್ಮಾಮೀಟರನ್ನು ಬೆರಳಿನಿಂದ ಕುಟ್ಟುತ್ತ, "ಉಕ್ಬಾರ್ದು ಕಣ್ರಮ್ಮಾ! ಉಕ್ಕಿದ್ರೆ ಮಿಷನ್ ಕೆಟ್ಟೈತೆ ಅಂತ ಅರ್ಥ! ಇದು ಅರವತ್ಮೂರು, ನೋಡ್ರಿ, ಅರವತ್ಮೂರು!" ಎಂದು ಕೂಗಾಡಿದೆ. ಅವರಿಗೆ ಕೇಳಿಸಿದ್ದು ಎರಡೇ ಮಾತು: ಹಾಲು ಉಕ್ಕಬಾರದು, ಮಿಷನ್ ಕೆಟ್ಟಿದೆ. ಹತ್ತು ನಿಮಿಷದಲ್ಲಿ ಹಾಲಿನ ಮನೆ ಖಾಲಿಯಾಯಿತು. ಲೀಡರಮ್ಮ ಒಬ್ಬರೇ ನಿಂತು ತೊಟ್ಟಿಯ ಮೇಲೆ ಬಿದ್ದಿದ್ದ ಹೂವಿನ ಎಸಳು ಆರಿಸುತ್ತಿದ್ದರು. ನಾನು ಇನ್ನೂ ಗೊಣಗುತ್ತಲೇ ನನ್ನ ಸ್ಪ್ಯಾನರು ಚೀಲಕ್ಕೆ ತುಂಬಿಕೊಂಡು ಸಂಜೆಯ ಬಸ್ಸು ಹಿಡಿದೆ.

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಸಾಭಿನಯ ಹೇಳಿದೆ. ಆ ಊರಿನವರು ನನ್ನ ಮಿಷನ್ನಿಗೆ ಎಂಥ ಅವಮಾನ ಮಾಡಿದರು ಎನ್ನುವುದೇ ಕಥೆಯ ಸಾರ. ಅವಳು ಮಗ್ಗದಿಂದ ಕೈ ತೆಗೆಯದೆ ಕೇಳಿದಳು. ಕೊನೆಗೆ, "ಅವ್ರು ಆಡ್ಕಂಡಿದ್ದು ನಿನ್ ಮಿಷನ್ನ ಅಲ್ಲ. ಆಯಮ್ಮನ್ನ" ಎಂದಳು.

ನಾನು ಸ್ಪ್ಯಾನರಿನ ಚೀಲವನ್ನು ಮೂಲೆಗೆ ಎಸೆದೆ.

"ಆಯಮ್ಮ ಬ್ಯಾಡ ಅಂದಿದ್ರಾ ಇಲ್ವಾ?"

"ಅಂದಿದ್ರು."

"ಬಲವಂತ ಮಾಡಿ ಮುಂದಕ್ ತಳ್ಳಿದ್ ಯಾರು?"

ಅವಳು ಮತ್ತೆ ಲಾಳಿ ಎಸೆಯತೊಡಗಿದಳು.

ವಾರದೊಳಗೆ ಸುದ್ದಿ ಬಂತು. ನಲವತ್ತರಲ್ಲಿ ಏಳೇ ಏಳು ಮಂದಿ ಹಾಲು ಹಾಕುತ್ತಿದ್ದರು. ತೊಟ್ಟಿ ಅರ್ಧವಾದರೂ ತುಂಬದಿದ್ದರೆ ಅದರ ಕಲಕುವ ರೆಕ್ಕೆ ಹಾಲಿಗೆ ತಾಗುವುದೇ ಇಲ್ಲ. ತೊಟ್ಟಿ ಹೀಗೇ ಖಾಲಿ ಉಳಿದರೆ ಬೇರೆ ಊರಿಗೆ ಒಯ್ಯುತ್ತೇವೆ ಎಂದು ಕಚೇರಿಯವರು ಹೇಳಿದ್ದರು, ಅದರಲ್ಲಿ ಅವರದೇನೂ ತಪ್ಪಿರಲಿಲ್ಲ. ನನಗೆ ಚುಚ್ಚಿದ್ದು ಇನ್ನೊಂದು ಸುದ್ದಿ. ಲೀಡರಮ್ಮ ಫೋನು ಮಾಡಿ, ಎಂದಿನ ಗಡಿಬಿಡಿಯಿಲ್ಲದ ದನಿಯಲ್ಲಿ, "ನಾನು ಲೀಡರ್ ಕೆಲ್ಸ ಬುಟ್ಬುಡ್ತೀನಿ ಕಣಪ್ಪ. ನಾನಿದ್ರೆ ಯಾರೂ ಹಾಲ್ ಹಾಕಲ್ಲ. ನಾನ್ ದೂರ ಹೋದ್ರೆ ಹಾಕ್ತಾರೋ ಏನೋ" ಎಂದರು.

"ಸೋಮವಾರದ ತನ್ಕ ತಡೀರಿ. ಬತ್ತೀನಿ" ಎಂದೆ. ಏನು ಮಾಡಲು ಬರುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ.

ಮಾಳಿಗೆ ಹತ್ತಿದಾಗ ಹೊಳೆಯಿತು. ಅಲ್ಲಿ ಒಂದು ಡಿಶ್ ಇತ್ತು. ಎತ್ತಿನ ಗಾಡಿಯ ಚಕ್ರದಷ್ಟು ಅಗಲದ, ಕನ್ನಡಿಯಂಥ ತಗಡಿನ ಬೋಗುಣಿ. ಯಾವುದೋ ಹಾಸ್ಟೆಲಿನವರು ಗುಜರಿಗೆ ಹಾಕಿದ್ದನ್ನು ನಾನು ತಂದು ರಿಪೇರಿ ಮಾಡಿದ್ದೆ. ಸೂರ್ಯನ ಕಡೆ ತಿರುಗಿಸಿದರೆ ಬಿಸಿಲನ್ನೆಲ್ಲ ಒಂದೇ ಜಾಗಕ್ಕೆ ಎಸೆಯುತ್ತದೆ. ಆ ಜಾಗದಲ್ಲಿ ಪಾತ್ರೆ ಇಟ್ಟರೆ ನೂರು ಡಿಗ್ರಿ ಏನು ಮಹಾ? ನನ್ನ ಹೆಂಡತಿ ಅದರಲ್ಲಿ ಕಡಲೆಕಾಯಿ ಬೇಯಿಸುತ್ತಿದ್ದಳು. ಬೋಲ್ಟು ಬಿಚ್ಚಿದರೆ ಅದು ಹೋಳುಹೋಳಾಗಿ ಬರುತ್ತದೆ. ಹಳೆಯ ಕೌದಿಯಲ್ಲಿ ಸುತ್ತಿ, ಮಡಕಶಿರಾ, ಪಾವಗಡ ಹಾದು ಕಲ್ಯಾಣದುರ್ಗಕ್ಕೆ ಹೋಗುವ ಬಸ್ಸು ಹತ್ತಿದೆ.

ಕಂಡಕ್ಟರು ಕೌದಿಯನ್ನು ಕಾಲಿನಿಂದ ಮುಟ್ಟಿ, "ಇದೇಂಟನ್ನಾ?" ಎಂದು ತೆಲುಗಿನಲ್ಲಿ ಕೇಳಿದ. ಹಾಲುಕ್ಕಿಸುವ ಸಾಮಾನು ಎಂದೆ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮುಂದೆ ಹೋದ. ಪಾವಗಡದ ಆಚೆ, ದೂರದಲ್ಲಿ ಸೋಲಾರ್ ಹಲಗೆಗಳ ಕಪ್ಪು ಹೊಲ ಕಾಣುವ ಕಡೆ, ಕೌದಿ ಸ್ವಲ್ಪ ಸರಿದು ಒಂದು ಹೋಳು ಹೊರಗೆ ಇಣುಕಿತು. ಪಕ್ಕದ ಸೀಟಿನ ಗೌಡರೊಬ್ಬರು ಹೊಲವನ್ನೂ ನನ್ನ ಹೋಳನ್ನೂ ನೋಡಿ, "ಅಲ್ಲಿಂದ ಕಿತ್ಕಂಡ್ ಬಂದ್ಬುಟ್ಯೇನ್ಲಾ?" ಎಂದು ಗಟ್ಟಿಯಾಗಿ ಕೇಳಿದರು. ಇಡೀ ಬಸ್ಸು ನಕ್ಕಿತು. ಕಲ್ಯಾಣದುರ್ಗದಿಂದ ಶೇರ್ ಜೀಪಿನಲ್ಲಿ ಹೋಗುವಾಗ ಇನ್ನೂ ಫಜೀತಿ. ಬಿಸಿಲು ಹೋಳಿಗೆ ಬಡಿದು ಡ್ರೈವರನ ಕನ್ನಡಿಗೆ, ಅಲ್ಲಿಂದ ಅವನ ಕಣ್ಣಿಗೆ. ಅವನು ಜೀಪು ನಿಲ್ಲಿಸಿ, "ಅದನ್ನ ಮುಚ್ಚು, ಇಲ್ಲ ನೀನ್ ಇಳಿ" ಎಂದ. ಉಳಿದ ದಾರಿಯುದ್ದಕ್ಕೂ ನಾನು ಆ ಹೋಳುಗಳ ಮೇಲೆ ಬೋರಲಾಗಿ ಮಲಗಿದ್ದೆ.

ಹಾಲಿನ ಮನೆಯ ಮುಂದೆ ಡಿಶ್ ಜೋಡಿಸಿ ನಿಲ್ಲಿಸಿದಾಗ ಕರೆಯದೆಯೇ ಜನ ಸೇರಿದರು. ಹೆಂಗಸರು ಒಬ್ಬೊಬ್ಬರಾಗಿ ಬಂದು ಅದರಲ್ಲಿ ತಮ್ಮ ಮುಖ ತಲೆಕೆಳಗಾಗಿ ಕಾಣುವುದನ್ನು ನೋಡಿ ನಗುತ್ತಿದ್ದರು. ಒಂದು ಒಣ ತೊಗರಿಕಡ್ಡಿ ಹಿಡಿದು ತೋರಿಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಹೊಗೆಯೆದ್ದು ಹತ್ತಿಕೊಂಡಿತು. "ಅಯ್ಯಯ್ಯಪ್ಪಾ!" ಎಂದು ಎಲ್ಲರೂ ಎರಡು ಹೆಜ್ಜೆ ಹಿಂದಕ್ಕೆ ಹೋದರು. ಹೋದವಾರ ಕಳೆದುಕೊಂಡ ಮರ್ಯಾದೆಯಲ್ಲಿ ಅರ್ಧ ವಾಪಸು ಬಂತು ಎಂದುಕೊಂಡೆ.

ಪಾತ್ರೆಯ ವಿಷಯದಲ್ಲಿ ಜಗಳವಾಯಿತು. ಪೂಜೆಯ ಪಾತ್ರೆ ಎಂದು ಹುಣಸೆಹಣ್ಣು ಹಾಕಿ ಫಳಫಳ ತಿಕ್ಕಿ ತಂದಿದ್ದರು. ಫಳಫಳ ಎನ್ನುವ ಪಾತ್ರೆ ಬಿಸಿಲನ್ನು ವಾಪಸು ಕಳಿಸಿಬಿಡುತ್ತದೆ, ಮಸಿ ಹಿಡಿದದ್ದು ಬೇಕು ಎಂದೆ. "ದೇವರ ಹಾಲಿಗೆ ಮಸಿ ಪಾತ್ರೆನಾ? ತಲೆ ನೆಟ್ಟಗೈತಾ?" ಎಂದರು. ಕೊನೆಗೆ ತಳಕ್ಕೆಲ್ಲ ಮಸಿ, ಕಂಠಕ್ಕೆ ಅರಿಶಿನದ ಕೊಂಬು ಎಂದು ರಾಜಿಯಾಯಿತು. ಆ ಮಸಿಯನ್ನು ಬಳಿದವರು ಲೀಡರಮ್ಮ. ಮಸಿ ಬಳಿಯಲು ಯಾರ ಕೈಯಾದರೂ ನಡೆಯುತ್ತದೆ.

"ಬನ್ನಿ ಕಣಮ್ಮ, ನೀವೇ ಇಡಿ" ಎಂದು ನಾನು ಕರೆದೆ. ಈ ಸಲ ನನಗೆ ಭಯವಿರಲಿಲ್ಲ. ನೂರು ಡಿಗ್ರಿ ನನ್ನ ಜೇಬಿನಲ್ಲಿತ್ತು.

ಲೀಡರಮ್ಮ ಕೈಯ ಮಸಿ ಒರೆಸಿಕೊಳ್ಳುತ್ತ, ನನಗೆ ಮಾತ್ರ ಕೇಳುವ ಹಾಗೆ ಹೇಳಿದರು, "ನಾನ್ ಮುಟ್ಟಲ್ಲ. ನಾನಿಟ್ಟು ಉಕ್ಕಿದ್ರೆ ಬಿಸ್ಲು ಉಕ್ಸ್ತು ಅಂತಾರೆ. ಉಕ್ಕದಿದ್ರೆ ನನ್ ಕೈ ಅಂತಾರೆ." ಹಾಗೆಂದು ದೂರ ಹೋಗಿ ಕ್ಯಾನು ತೊಳೆಯುವ ಕಟ್ಟೆಯ ಮೇಲೆ ಕೂತರು.

ಎಂಟು ಹಸುವಿನಾಕೆಯೇ ಪಾತ್ರೆ ಇಟ್ಟಳು. ಸಂಭ್ರಮದಿಂದ, ಸೆರಗು ಹೊದ್ದು, ಕೈಮುಗಿದು ಇಟ್ಟಳು. ಹಾಲು ಕಾಯತೊಡಗಿತು. ಅಂಚಿನಲ್ಲಿ ಸಣ್ಣ ಗುಳ್ಳೆ ಎದ್ದವು. ಇನ್ನು ಐದು ನಿಮಿಷ ಎಂದು ನಾನು ಕೈಗಡಿಯಾರ ನೋಡಿದೆ. ಆಗ ನೆಲ ಮಬ್ಬಾಯಿತು.

ಶ್ರಾವಣದ ಮೋಡ ಅದು. ನಮ್ಮ ಕಡೆ ಮಳೆ ಸುರಿಸುವುದಿಲ್ಲ, ಸುಮ್ಮನೆ ಊರು ನೋಡಿಕೊಂಡು ಹೋಗುತ್ತದೆ. ಆದರೆ ಈ ಮೋಡಕ್ಕೆ ಆ ಊರು ಇಷ್ಟವಾಯಿತೋ ಏನೋ, ಅಲ್ಲೇ ನಿಂತಿತು. ಅದರ ಜೊತೆಗೆ ಗಾಳಿ. ಗುಳ್ಳೆಗಳು ಒಂದೊಂದಾಗಿ ಆರಿದವು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಹಾಲಿನ ಮೇಲೆ ಕೆನೆ ಕಟ್ಟತೊಡಗಿತು. ನಗು ನಿಂತು, ಗುಸುಗುಸು ಶುರುವಾಯಿತು. ಹೋದವಾರದ್ದೇ ಗುಸುಗುಸು, ಆದರೆ ಈಗ ಕಣ್ಣುಗಳು ಬೇರೆ ಕಡೆ ಇದ್ದವು. "ಇವ್ಳ್ ಕೈಲೂ ಆಗ್ಲಿಲ್ವಲ್ಲೇ" ಎಂದು ಯಾರೋ ಅಂದರು. "ಮನೇಲಿ ಏನೈತೋ ಏನ್ ಕತೆಯೋ" ಎಂದು ಇನ್ಯಾರೋ.

ಎಂಟು ಹಸುವಿನಾಕೆ ಪಾತ್ರೆಯ ಪಕ್ಕದಲ್ಲಿ ನಿಂತೇ ಇದ್ದಳು. ಬಳೆ ಸದ್ದು ಮಾಡುತ್ತಿರಲಿಲ್ಲ. ಬೆವರಿಗೆ ಕುಂಕುಮ ಮೂಗಿನ ಮೇಲೆ ಇಳಿದಿತ್ತು, ಒರೆಸಿಕೊಂಡರೆ ಅದೂ ಒಂದು ಅಪಶಕುನ ಆದೀತೇನೋ ಎಂದು ಹೆದರಿದವಳಂತೆ ಹಾಗೇ ಬಿಟ್ಟಿದ್ದಳು. ಕಣ್ಣು ತುಂಬಿತ್ತು. ನಿಜ ಹೇಳಬೇಕೆಂದರೆ ನನಗೆ ಒಂದು ಕ್ಷಣ ಖುಷಿಯಾಯಿತು. ಮಾಡಿದ್ದುಣ್ಣೋ ಮಹಾರಾಯ ಎನ್ನುವ ಗಾದೆ ನಾಲಿಗೆಯ ತುದಿಯವರೆಗೆ ಬಂದಿತ್ತು. ಲೀಡರಮ್ಮನ ಮುಖದಲ್ಲೂ ಅದೇ ಖುಷಿ ಇರಬೇಕೆಂದು ಕಟ್ಟೆಯ ಕಡೆ ತಿರುಗಿ ನೋಡಿದೆ.

ಲೀಡರಮ್ಮ ಅಲ್ಲಿರಲಿಲ್ಲ. ಅದೇ ಬಸ್ಸು ತಪ್ಪೀತೆಂಬ ನಡಿಗೆಯಲ್ಲಿ ಜನರ ನಡುವೆ ಹಾದು, ಡಿಶ್ಶಿನ ಹತ್ತಿರ ಹೋಗಿ ಆಕೆಯ ಭುಜ ಹಿಡಿದಿದ್ದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, ಗಟ್ಟಿ ದನಿಯಲ್ಲಿ ಹೇಳಿದರು.

"ಮೋಡ ಬಂದೈತೆ ಕಣಮ್ಮ, ನಿನ್ ಕೈ ಏನ್ ಮಾಡೀತು? ಬಾ, ಕೂತ್ಕ. ಬಿಸ್ಲು ಬರೋ ತನ್ಕ ಕಾಯಾನ."

ಗುಸುಗುಸು ಅಲ್ಲಿಗೇ ನಿಂತಿತು. ಲೀಡರಮ್ಮ ಸೆರಗಿನಿಂದ ಆಕೆಯ ಮೂಗಿನ ಮೇಲಿನ ಕುಂಕುಮ ಒರೆಸಿ, ಕೈ ಹಿಡಿದು ಕಟ್ಟೆಗೆ ಕರೆದುಕೊಂಡು ಹೋಗಿ ಕೂರಿಸಿದರು. ಸಂಚಿ ಬಿಚ್ಚಿ ಎಲೆ ಕೊಟ್ಟರು. ಆಕೆ ಸ್ವಲ್ಪ ಹೊತ್ತು ಅತ್ತಳು. ಲೀಡರಮ್ಮ ಆಕೆಯ ಕಂದು ಹಸುವಿನ ವಿಷಯ ತೆಗೆದರು, ಅದು ಕರೆಯುವಾಗ ಒದೆಯುವ ಹಸು, ಊರಿಗೆಲ್ಲ ಹೆಸರುವಾಸಿ. ಒಬ್ಬಳು ತನಗೆ ಒದ್ದ ಕತೆ ಹೇಳಿದಳು. ಇನ್ನೊಬ್ಬಳು ತನ್ನ ಗಂಡನಿಗೆ ಒದ್ದದ್ದನ್ನು ಎದ್ದು ನಿಂತು ಮಾಡಿ ತೋರಿಸಿದಳು. ಅಜ್ಜಿಗೆ ನಗು ತಡೆಯಲಾರದೆ ಎಲೆಅಡಿಕೆ ನೆತ್ತಿಗೆ ಹತ್ತಿತು. ಮೋಡ ಯಾವಾಗ ಹೋಯಿತೋ ಯಾರೂ ನೋಡಲಿಲ್ಲ. ನಾನೂ ನೋಡಲಿಲ್ಲ, ನಾನು ಅಜ್ಜಿಯ ಬೆನ್ನು ತಟ್ಟುತ್ತಿದ್ದೆ.

ಚುಂಯ್ ಎಂಬ ಸದ್ದು ಕೇಳಿ ತಿರುಗಿದಾಗ ಹಾಲು ಉಕ್ಕಿ, ಪಾತ್ರೆಯ ಮಸಿಯ ಮೇಲೆ ಬೆಳ್ಳಗೆ ಇಳಿದು, ನನ್ನ ಕನ್ನಡಿಯ ಮೇಲೆಲ್ಲ ಹರಡಿತ್ತು.

"ಪೊಂಗಿತು! ಪೊಂಗಿತು!" ಎಂದು ನಲವತ್ತು ಮಂದಿ ಒಟ್ಟಿಗೆ ಕೂಗಿದರು. ಮೊದಲು ಯಾವ ದಿಕ್ಕಿಗೆ ಉಕ್ಕಿತು ಎಂದು ಕೇಳಿದರೆ ನೋಡಿದವರು ಒಬ್ಬರೂ ಇಲ್ಲ. ಪೂರ್ವಕ್ಕೆ ಎಂದು ಅಜ್ಜಿ ಆಣೆ ಮಾಡಿತು, ಅದು ಆಗ ಕೆಮ್ಮುತ್ತ ಪಶ್ಚಿಮಕ್ಕೆ ಮುಖ ಮಾಡಿತ್ತು. ಕಾದ ತಗಡಿನ ಮೇಲೆ ಸೀದ ಹಾಲು ಕೆರೆಯಲು ನನಗೆ ಆ ಮಧ್ಯಾಹ್ನ ಪೂರ್ತಿ ಬೇಕಾಯಿತು. ಕೋಪ ಮಾತ್ರ ಬರಲಿಲ್ಲ.

ಮರುದಿನ ಬೆಳಗ್ಗೆ ನಾನು ಪಂಪು ನೋಡಲು ಹೋದಾಗ ಹಾಲಿನ ಮನೆಯ ಮುಂದೆ ಕ್ಯಾನುಗಳ ಸಾಲು ಬೇವಿನ ಮರದವರೆಗೆ ಇತ್ತು. ಎಂಟು ಹಸುವಿನಾಕೆ ಎಲ್ಲರಿಗಿಂತ ಮುಂದೆ. ತನ್ನ ಕ್ಯಾನನ್ನು ತೊಟ್ಟಿಯವರೆಗೆ ತಂದು, ಸುರಿಯದೆ ನಿಂತಳು. "ಅಕ್ಕಾ, ನೀನೇ ಹಾಕು" ಎಂದಳು, ಲೀಡರಮ್ಮನಿಗೆ. ಅವಳು ಕ್ಷಮೆ ಕೇಳಲಿಲ್ಲ, ಲೀಡರಮ್ಮ ಕೇಳಿಸಿಕೊಳ್ಳಲು ಕಾಯಲೂ ಇಲ್ಲ. ಕ್ಯಾನು ಎತ್ತಿ ಸುರಿದರು. ಈ ಸಲ ಕೈ ಒರೆಸಿಕೊಳ್ಳಲಿಲ್ಲ. ಮುಚ್ಚಳ ಹಾಕಿದೆವು. ಮುಳ್ಳು ಅರವತ್ತಮೂರಕ್ಕೆ ಬಂತು. ತೊಟ್ಟಿಯೊಳಗೆ ಇಣುಕಲು ಯಾರಿಗೂ ಪುರುಸೊತ್ತಿರಲಿಲ್ಲ.

ಹೊರಡುವ ಮುಂಚೆ ನಾನು ಲೀಡರಮ್ಮನ ಹತ್ತಿರ ಹೋದೆ. ನಿನ್ನೆ ಆಕೆಗೆ ನೀವು ಹೇಳಿದ ಮಾತು ಬಹಳ ದೊಡ್ಡದು ಕಣಮ್ಮ ಎಂದೆ. ಅವರು ಬಿಸಿನೀರಿನಲ್ಲಿ ಕ್ಯಾನು ತೊಳೆಯುತ್ತಿದ್ದರು. ತಲೆಯೆತ್ತದೆ ಹೇಳಿದರು, "ಅದ್ರಾಗೇನ್ ದೊಡ್ಡದಪ್ಪ. ಬಾಯಿ ಬಿಟ್ಟು ಹೇಳೋಕೆ ಎಷ್ಟೊತ್ತು? ಅವತ್ತು ನೀನು ಎಲ್ಲಾರ್ಗೂ ಆ ಮುಳ್ಳು ತೋರಿಸ್ತಿದ್ದೆ. ನಾನು ನಿನ್ ಮುಖನೇ ನೋಡ್ತಿದ್ದೆ. ನನ್ನ ಮುಂದಕ್ ತಂದೋನು ಇವ್ನೇ ಅಲ್ವಾ, ಇವ್ನಾದ್ರೂ ಒಂದ್ ಮಾತು ಅಂದಾನು ಅಂತ."

ನಾನು ನೂರು ಡಿಗ್ರಿಗಾಗಿ ಹುಡುಕಾಡಿ, ಮಾಳಿಗೆಯಿಂದ ಡಿಶ್ ಬಿಚ್ಚಿ, ಎರಡು ಸಲ ರಾಜ್ಯದ ಗಡಿ ದಾಟಿಸಿ ತಂದಿದ್ದೆ. ಅವರಿಗೆ ಬೇಕಾಗಿದ್ದದ್ದು ಒಂದೇ ಒಂದು ಮಾತು. ತಪ್ಪಾಯಿತು ಎಂದೆ. ಜೀವನದಲ್ಲಿ ನಾನು ಅಷ್ಟು ಮೆಲ್ಲಗೆ ಮಾತಾಡಿದ್ದು ಅದೇ ಮೊದಲಿರಬೇಕು.

ಲೀಡರಮ್ಮ ತೊಳೆದ ಕ್ಯಾನನ್ನು ನನ್ನ ಕಡೆ ಚಾಚಿದರು. "ಹೋಗ್ಲಿ ಬುಡು. ಇದನ್ನ ಬಿಸ್ಲಿಗೆ ಬೋರಲಾಕು" ಎಂದರು. ಇನ್ನೂ ಮೂವತ್ತೊಂಬತ್ತು ಕ್ಯಾನು ಇದ್ದವು. ನಾನು ಬೆಳಗಿನ ಬಸ್ಸು ಬಿಟ್ಟು, ಮಧ್ಯಾಹ್ನದ ಬಸ್ಸಿಗೆ ಹೋದೆ.